ಕೊಳೆತ ಲಿಂಬೆ ತರುವವರ ಊರಲ್ಲಿ

ಬಸ್ಸಿನಲ್ಲಿ

ತೀರ್ಥವೆಂದು ತಿಳಿದು ಕಾಳಪ್ಪ ಕುಡಿದದ್ದು ಏನು ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸಿಂದಗಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನು ಹೇಳಿದ್ದೇ ಇತಿಹಾಸವಾಗಿಬಿಡುತ್ತದೆ.

ಟರ್ಕಿ ದೇಶದ ಅದಾನಾ ಎಂಬ ಊರಿನಿಂದ ನಾವು ಮೂವರು ಗುಡ್ಡದ ಸೀಮೆಗೆ ಹೊರಟಿದ್ದೆವು. ಬಸ್ಸು ಊರು ದಾಟುತ್ತಿದ್ದಂತೆ ಬಿಳಿ ಅಂಗಿಯ ಸಹಾಯಕನೊಬ್ಬ ಉದ್ದ ಕತ್ತಿನ ಬಾಟಲಿ ಹಿಡಿದು ಒಂದೊಂದೇ ಸೀಟಿನ ಹತ್ತಿರ ನಿಲ್ಲುತ್ತ ಬಂದ. ಜನ ಅಂಗೈ ಚಾಚುತ್ತಿದ್ದರು, ಅವನು ಸುರಿಯುತ್ತಿದ್ದ. ಬಸ್ಸಿನ ತುಂಬ ಲಿಂಬೆಯ ಘಮ. ನನ್ನ ಮುಂದಿನ ಸೀಟಿನಲ್ಲಿದ್ದ ಕಾಳಪ್ಪ ನೆಟ್ಟಗೆ ಕೂತ. ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿ, ಗುಡಿಯಲ್ಲಿ ಪೂಜಾರಿಯ ಮುಂದೆ ಹಿಡಿಯುವ ಹಾಗೆಯೇ ಭಕ್ತಿಯಿಂದ ಹಿಡಿದ. "ಕಾಳಪ್ಪಾ, ತಡಿಯೋ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸುರ್ರನೆ ಎಳೆದು, ಉಳಿದ ಪಸೆಯನ್ನು ತಲೆಗೆ ಸವರಿಕೊಂಡಾಗಿತ್ತು.

ಅದರ ಹೆಸರು ಕೊಲೋನ್ಯಾ. ಬಂದವರ ಕೈಗೆ ಅದನ್ನು ಸುರಿದು ಆದರಿಸುವುದು ಅಲ್ಲಿಯ ಪದ್ಧತಿ. ಕೈಗೆ, ಕುತ್ತಿಗೆಗೆ ಹಚ್ಚಿಕೊಳ್ಳುವ ಲಿಂಬೆಯ ಸುಗಂಧ. ಹೆಚ್ಚು ಪಾಲು ಬರೀ ಸ್ಪಿರಿಟ್ಟು. ಜನ್ಮದಲ್ಲಿ ಸೆರೆ ಮುಟ್ಟದ ಕಾಳಪ್ಪನ ಕಣ್ಣು ಕೆಂಪಾಗಿ ನೀರಿಳಿಯಿತು. ಸಹಾಯಕ ಹೌಹಾರಿ ನೀರು ತರಲು ಓಡಿದ. ಪಕ್ಕದ ಸೀಟಿನ ಅಜ್ಜಿ ಎದ್ದು ಬಂದು ಅವನ ಬೆನ್ನು ತಟ್ಟಿದಳು. ಉಸಿರು ಮರಳಿದ ಮೇಲೆ ಕಾಳಪ್ಪ ನನ್ನ ಕಡೆ ತಿರುಗಿದ.

"ಅಕ್ಕಾರ, ಈ ಊರ ದೇವರು ಬಾಳ ಕಡಕ್ ಅದಾನ್ರಿ."

ಸುನಂದಾ ಮೇಡಂ ಕಿಟಕಿಗೆ ಮುಖ ಮಾಡಿ ನಕ್ಕರು. ಅವರ ಭುಜ ಮುಂದಿನ ಊರು ಬರುವವರೆಗೂ ಕುಣಿಯುತ್ತಿತ್ತು.

ನಾವು ಯಾರು, ಅಷ್ಟು ದೂರ ಹೋದದ್ದೇಕೆ ಎಂಬುದನ್ನೂ ಹೇಳಬೇಕಲ್ಲ. ನಾನು ಗೌರಮ್ಮ, ಇಂಡಿ ತಾಲೂಕಿನವಳು. ಹಲಸಂಗಿಯ ಹತ್ತಿರ ನಮ್ಮ ಲಿಂಬೆ ತೋಟ. ಬೆಳೆಗಾರರ ಸಂಘದ ಓಡಾಟವೆಲ್ಲ ನನ್ನ ತಲೆಗೇ. ಕಾಳಪ್ಪ ಬಡಿಗೇರ ಸಿಂದಗಿಯಲ್ಲಿ ಕಟ್ಟಿಗೆ ಕೆಲಸದ ಕಾರ್ಖಾನೆ ಇಟ್ಟಿದ್ದಾನೆ. ಸುನಂದಾ ಮೇಡಂ ಮುದ್ದೇಬಿಹಾಳದ ಕಡೆ ಸರಕಾರಿ ಕಾಲೇಜೊಂದರಲ್ಲಿ ವಿಜ್ಞಾನ ಕಲಿಸುತ್ತಾರೆ. ನಾಲ್ಕನೆಯವಳು ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದ ಶಾಂತಕ್ಕ. ಹೆಂಗಸರ ಗುಂಪು ಕಟ್ಟಿಕೊಂಡು ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. "ನಾ ಬಂದ್ರ ಲಿಂಬಿ ನೋಡಾವರ ಯಾರು?" ಎಂದು ಊರಲ್ಲೇ ಉಳಿದಿದ್ದಳು.

ಲಿಂಬೆ ಬೆಳೆಯುವವರ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಮಳೆಗಾಲದಿಂದ ಚಳಿಗಾಲದವರೆಗೆ ಕೇಳುವವರಿಲ್ಲ, ಬೇಸಿಗೆಯಲ್ಲಿ ಎಲ್ಲರೂ ಕೇಳುವ ಹೊತ್ತಿಗೆ ಕಾಯಿ ಇಲ್ಲ. ಕರೆಂಟು ಬೇಡದ ತಣ್ಣನೆಯ ಜಾಗದಲ್ಲಿ ಲಿಂಬೆಯನ್ನು ಬೇಸಿಗೆಯವರೆಗೆ ಕೆಡದಂತೆ ಇಡಬಹುದೇ ಎಂಬುದು ನಮ್ಮ ನಾಲ್ವರಿಗೆ ಹಿಡಿದ ಹುಚ್ಚು. ಶಾಂತಕ್ಕನ ಹಳೆಯ ಮನೆಯ ಕೆಳಗೆ, ಹಿಂದೆ ಜೋಳ ತುಂಬಿಡುತ್ತಿದ್ದ ಕಲ್ಲಿನ ನೆಲಮಾಳಿಗೆ ಇದೆ. ಜಾಗ ಅವಳದು, ಲಿಂಬೆ ನಮ್ಮ ಸಂಘದ್ದು, ಲಿಂಬೆ ಹರವಲು ಕಟ್ಟಿಗೆಯ ತಟ್ಟೆ ಕಾಳಪ್ಪನದು, ಶಾಖ ಮತ್ತು ತೇವ ಅಳೆಯುವ ಯಂತ್ರ ಮೇಡಂ ಅವರ ಕಾಲೇಜಿನದು. ಕಾಗದಪತ್ರ ಏನೇನೂ ಇಲ್ಲ. ಒಮ್ಮೆ ವಕೀಲರನ್ನು ಕರೆಸಿ ಒಪ್ಪಂದ ಬರೆಸಲು ಕೂತಿದ್ದೂ ಉಂಟು. ಯಾವ ಊರಿನ ಹೆಸರು ಮೊದಲು ಬರೆಯಬೇಕು ಎಂಬಲ್ಲಿಗೇ ಸಭೆ ಮುಗಿದು, ಉಪ್ಪಿಟ್ಟು ತಿಂದು ಎದ್ದೆವು.

ಹೋದ ವರ್ಷ ಇಟ್ಟ ಲಿಂಬೆ ಕೆಟ್ಟುಹೋಯಿತು. ತಟ್ಟೆ ಸರಿಯಿಲ್ಲ ಎಂದು ಒಬ್ಬರು, ಕಾಯಿಯೇ ಹಸಿ ಇತ್ತು ಎಂದು ಇನ್ನೊಬ್ಬರು, ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸಿದ್ದಕ್ಕೇ ಹೀಗಾಯಿತು ಎಂದು ಮತ್ತೊಬ್ಬರು. ಈ ವರ್ಷ ಸಂಕ್ರಾಂತಿ ಮುಗಿಸಿ ಮತ್ತೆ ಇಡುವಾಗ ಶಾಂತಕ್ಕ ಖಡಾಖಂಡಿತ ಹೇಳಿದ್ದಳು: "ಇದೊಂದ ಸಲ, ಗೌರಾ. ಈ ಸಲಾನೂ ಕೆಟ್ಟರ ನೆಲಮನಿಗೆ ಕೀಲಿ ಹಾಕ್ತೇನಿ. ಆಮ್ಯಾಲ ನೀವ್ಯಾರೂ ನನ್ನ ಮನಿ ಕಡೆ ಹಾಯಬ್ಯಾಡ್ರಿ." ಶಾಂತಕ್ಕ ಆಡಿದ್ದನ್ನು ಮಾಡುವವಳು. ನನಗೆ ಲಿಂಬೆಗಿಂತ ಆ ಮಾತಿನದೇ ಹೆಚ್ಚು ಭಯ. ಈ ವಯಸ್ಸಿನಲ್ಲಿ ಮನಸಾರೆ ಜಗಳವಾಡಿ ಮರುದಿನ ಮತ್ತೆ ಫೋನು ಮಾಡಬಹುದಾದ ಗೆಳೆಯರು ಈ ಮೂವರನ್ನು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ.

ಒರ್ತಾಹಿಸಾರ್ ಎಂಬ ಊರಿನವರು ಗುಡ್ಡ ಕೊರೆದ ಗವಿಗಳಲ್ಲಿ ಲಿಂಬೆಯನ್ನು ತಿಂಗಳುಗಟ್ಟಲೆ ಇಡುತ್ತಾರೆ ಎಂದು ಕಂಡುಹಿಡಿದವರು ಮೇಡಂ. ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಯೂಸುಫ್ ಮಾಸ್ತರರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಗೆಳೆತನ ಬೆಳೆಸಿದ್ದರು. ಬಂದು ನೋಡಿ ಎಂದು ಅವರು ಕರೆದರು, ನಾವು ಶಿವರಾತ್ರಿಯ ಆಸುಪಾಸಿನಲ್ಲಿ ಹೊರಟೇಬಿಟ್ಟೆವು.

ಒರ್ತಾಹಿಸಾರ್

ಊರ ನಡುವೆ ಎದ್ದು ನಿಂತ ದೊಡ್ಡ ಬಂಡೆ, ಇಲಿ ಕೊರೆದ ಬೆಲ್ಲದ ಪೆಂಟೆಯ ಹಾಗೆ ತೂತು ತೂತು. ಅದರ ಮೇಲೆಲ್ಲ ಹಿಮ. ನಮ್ಮ ಕಡೆ ಆ ಹೊತ್ತಿಗೆ ಶಾಲು ಮಡಚಿ ಟ್ರಂಕಿಗೆ ಹಾಕಿರುತ್ತೇವೆ. ಇಲ್ಲಿ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಕಾಳಪ್ಪ ಮಾತ್ರ ಮನೆಯಿಂದ ತಂದ ಕಂಬಳಿ ಹೊದ್ದು ಠೀವಿಯಿಂದ ನಡೆಯುತ್ತಿದ್ದ. ದಾರಿಯಲ್ಲಿ ಇಬ್ಬರು ಆ ಕಂಬಳಿಯನ್ನು ಮುಟ್ಟಿ ನೋಡಿ ಏನೋ ಕೇಳಿದರು. ಮಾರುವುದಿಲ್ಲ ಎಂದು ಅವನು ಕನ್ನಡದಲ್ಲೇ ಹೇಳಿದ, ಅವರಿಗೂ ತಿಳಿಯಿತು.

ನಮ್ಮನ್ನು ಇಳಿಸಿಕೊಂಡವಳು ಎಮಿನೆ ಹಾನಮ್. ಹಾನಮ್ ಎಂದರೆ ನಮ್ಮ ಅಕ್ಕಾರು, ಬಾಯಾರು ಇದ್ದ ಹಾಗೆ. ನನ್ನ ವಾರಿಗೆಯವಳು, ತಲೆಗೆ ಹೂವಿನ ಚಿತ್ರದ ರುಮಾಲು, ಗಟ್ಟಿ ದನಿ. ಅಜ್ಜನ ಕಾಲದಿಂದ ಬಂದ ಗವಿಯೊಂದನ್ನು ಅವಳೇ ನೋಡಿಕೊಳ್ಳುತ್ತಾಳೆ. ತಲೆ ಬಗ್ಗಿಸಿ ಒಳಗೆ ಹೋದರೆ ಕಣ್ಣು ಹಾಯುವಷ್ಟು ದೂರ ಕಟ್ಟಿಗೆಯ ಪೆಟ್ಟಿಗೆಗಳು, ಅವುಗಳಲ್ಲಿ ಹಳದಿ ಲಿಂಬೆ. ಸಮುದ್ರದಂಡೆಯ ತೋಟಗಳಲ್ಲಿ ಇನ್ನೂ ಹಸಿರಿರುವಾಗಲೇ ಕಿತ್ತು ಇಲ್ಲಿಗೆ ತರುತ್ತಾರೆ. ಚಳಿಗಾಲವೆಲ್ಲ ಗವಿಯ ತಂಪಿನಲ್ಲಿ ನಿಧಾನವಾಗಿ ಹಣ್ಣಾಗಿ, ಸಿಪ್ಪೆ ತೆಳುವಾಗಿ, ರಸ ತುಂಬುತ್ತದೆ. ನಾವು ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡಿ ಹಾಕುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಅವಸರವೇ ಇಲ್ಲ. ಅದಕ್ಕೆ ಅವರು ಇಟ್ಟ ಹೆಸರು ಯಾತಾಕ್ ಲಿಮೋನು, ಅಂದರೆ ಹಾಸಿಗೆಯ ಲಿಂಬೆ. ಹೊರಗೆ ಗುಡುಗುತ್ತಿದ್ದ ಎಮಿನೆ ಗವಿಯೊಳಗೆ ಕಾಲಿಟ್ಟೊಡನೆ ದನಿ ತಗ್ಗಿಸಿದಳು. ಮಲಗಿದ ಮಕ್ಕಳ ಕೋಣೆಗೆ ಬಂದವರ ಹಾಗೆ ನಾವೂ ಪಿಸುಗುಟ್ಟತೊಡಗಿದೆವು.

"ಇದ ನಮ್ಮ ಹಗೇವ ಅಲ್ಲೇನ್ರಿ ಅಕ್ಕಾರ?" ಎಂದ ಕಾಳಪ್ಪ. ಹಗೇವು ಎಂದರೆ ಜೋಳ ತುಂಬಿ ಮುಚ್ಚಿಡುವ ನೆಲದೊಳಗಿನ ಕಣಜ. "ನಾವು ನಿಂದರಿಸೇವಿ, ಇವರು ಅಡ್ಡ ಮಲಗಿಸ್ಯಾರ. ಅಷ್ಟ."

ಆಮೇಲೆ ಅವನ ಕಣ್ಣು ಪೆಟ್ಟಿಗೆಗಳ ಮೇಲೆ ಬಿತ್ತು. ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದಿ. ಅಲ್ಲಲ್ಲಿ ಮೊಳೆ ಸೊಟ್ಟ. ಕಾಳಪ್ಪ ಈ ವರ್ಷ ನಮಗೆ ಮಾಡಿಕೊಟ್ಟ ತಟ್ಟೆಗಳಲ್ಲಿ ಪಟ್ಟಿಗೆ ಪಟ್ಟಿ ಕೂಡಿಕೊಂಡು ಕೂದಲು ತೂರಲೂ ಜಾಗವಿಲ್ಲ. ಕಾಯಿಗೆ ತರಚದಿರಲಿ ಎಂದು ತೊಟ್ಟಿಲಿಗೆ ಉಜ್ಜುವ ಹಾಗೆ ಉಜ್ಜಿ ನುಣುಪು ಮಾಡಿದ್ದ.

"ಕೆಲಸಗಳ್ಳರ ಕೆಲಸ ನೋಡ್ರಿ ಇದು. ನಮ್ಮ ತಟ್ಟಿ ನೋಡಿದ್ರ ಈ ಮಂದಿ ಕಣ್ಣಿಗೆ ಒತ್ತಿಗೋತಾರ."

ಏನಂದರು ಎಂದು, ಮಾತು ದಾಟಿಸಲು ನಮ್ಮ ಜತೆಗೇ ಬಂದಿದ್ದ ಯೂಸುಫ್ ಮಾಸ್ತರರು ಕೇಳಿದರು. ಪೆಟ್ಟಿಗೆ ಬಹಳ ಚೆನ್ನಾಗಿವೆ ಅನ್ನುತ್ತಿದ್ದಾರೆ ಎಂದರು ಮೇಡಂ, ಕಣ್ಣು ಮಿಟುಕಿಸದೆ.

ಬೇ ಮತ್ತು ಅಮಾನತು

ಬಾದಶಹರ ಕಾಲದಿಂದ ನಮ್ಮ ವಿಜಯಪುರ ಸೀಮೆಯ ನಾಲಿಗೆಗೆ ಅಂಟಿಕೊಂಡ ಎಷ್ಟೋ ಮಾತುಗಳು ಆ ಊರಿನ ಬೀದಿಯಲ್ಲಿ ಎದುರಾದವು. ಹವಾ ಅಲ್ಲಿಯೂ ಹವಾ. ಖಬರಿಗೆ ಹಬೆರ್, ಬಜಾರಕ್ಕೆ ಪಜಾರ್, ಮೈದಾನಕ್ಕೆ ಮೆಯ್ದಾನ್. ಕಳೆದುಹೋದ ಬೀಗರನ್ನು ಕಂಡಂತೆ ನಮಗೆ ಖುಷಿಯೋ ಖುಷಿ. ಆದರೆ ಬೀಗರೆಂದ ಮೇಲೆ ಮುನಿಸೂ ಇರಬೇಕಲ್ಲ.

ಮೊದಲನೆಯದು ಬೇ. ಅಲ್ಲಿ ಗಂಡಸರ ಹೆಸರಿನ ಕೊನೆಗೆ ಮರ್ಯಾದೆಗೆ ಹಚ್ಚುವ ಮಾತು ಅದು. ಯೂಸುಫ್ ಬಾಯಿ ತುಂಬ "ಕಾಳಪ್ಪ ಬೇ, ಕಾಳಪ್ಪ ಬೇ" ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಬೇ ಎನ್ನುವುದು ಅವ್ವನಿಗೆ, ಅಕ್ಕನಿಗೆ, ಸಲಿಗೆಯ ಹೆಣ್ಣುಮಕ್ಕಳಿಗೆ. ಕಾಳಪ್ಪ ಬಹಳ ಹೊತ್ತು ತಡೆದುಕೊಂಡ.

"ಅಕ್ಕಾರ, ಈ ಮಾಸ್ತರ ಮುಂಜಾನಿಂದ ನನಗ ಬೇ ಬೇ ಅನ್ನಾಕತ್ತಾರ. ಮೀಸಿ ಕಾಣಸೂದಿಲ್ಲೇನ್ರಿ ಅವರಿಗೆ?"

ಎರಡನೆಯದು ಇನ್ನೂ ಗಟ್ಟಿ ಪೆಟ್ಟು. ಇವೆಲ್ಲ ನಿಮ್ಮವೇ ಲಿಂಬೆಗಳಾ ಎಂದು ಮೇಡಂ ಕೇಳಿದಾಗ ಎಮಿನೆ ಗವಿಯ ಉದ್ದಕ್ಕೂ ಕೈ ಬೀಸಿ, "ಎಮಾನೆತ್, ಹೆಪ್ಸಿ ಎಮಾನೆತ್" ಎಂದಳು. ಮೇಡಂ ಮುಖ ಬಿಳಿಚಿತು. ಸರಕಾರಿ ನೌಕರರು ಪರದೇಶಕ್ಕೆ ಹೊರಡಬೇಕಾದರೆ ಅನುಮತಿ ಬೇಕು. ಮೇಡಂಗೆ ಅದು ಹೊರಡುವ ಹೊತ್ತಿಗೆ ಹೇಗೋ ಕೈಗೆ ಸಿಕ್ಕಿತ್ತು. ನಮ್ಮ ಪೇಪರುಗಳಲ್ಲಿ ಅಮಾನತು ಎಂಬ ಮಾತು ಬಂತೆಂದರೆ ಯಾರೋ ಒಬ್ಬ ಅಧಿಕಾರಿ ಕೆಲಸದಿಂದ ಹೊರಗೆ ಬಿದ್ದನೆಂದೇ ಅರ್ಥ.

"ಅಮಾನತಾ? ಯಾರದು ಗೌರಕ್ಕ? ಇಲ್ಲಿಗೂ ಸುದ್ದಿ ಬಂತಾ?" ಎಂದು ಚೀಲದಲ್ಲಿ ಫೋನಿಗೆ ತಡಕಾಡಿದರು.

ಯೂಸುಫ್ ಗಾಬರಿಯಾಗಿ ಬಿಡಿಸಿ ಹೇಳಿದರು. ಅವರಲ್ಲಿ ಎಮಾನೆತ್ ಎಂದರೆ ನಂಬಿ ಒಪ್ಪಿಸಿದ್ದು, ಹೆಪ್ಸಿ ಎಂದರೆ ಎಲ್ಲವೂ. ಇನ್ನೊಬ್ಬರದನ್ನು ನಿಮ್ಮದಕ್ಕಿಂತ ಹೆಚ್ಚು ಜೋಪಾನ ಮಾಡಿ, ಕೇಳಿದಾಗ ಹಿಂದಕ್ಕೆ ಕೊಡಬೇಕು. ಲಿಂಬೆ ಸಮುದ್ರದಂಡೆಯವರದು, ಪೆಟ್ಟಿಗೆ ಇನ್ನೊಬ್ಬನದು, ಲಾರಿ ಮತ್ತೊಬ್ಬನದು, ಗವಿ ಮಾತ್ರ ಎಮಿನೆಯದು. ಹಿಂದೆ ನಮ್ಮಲ್ಲೂ ಠೇವಣಿ ಇಡುವುದಕ್ಕೆ ಅಮಾನತು ಎನ್ನುತ್ತಿದ್ದರು ಎಂದು ನನಗೆ ಆಗ ನೆನಪಾಯಿತು.

"ಅಂದ್ರ ಅರ್ಥ ಒಂದ ಆತಲ್ರಿ ಮೇಡಮ್ಮಾರ" ಎಂದ ಕಾಳಪ್ಪ. "ನಮ್ಮ ಸರಕಾರದವರೂ ಹಂಗ ಮಾಡ್ತಾರ. ನೌಕರನ್ನ ಮನಿಯೊಳಗ ಜ್ವಾಕಿಲೆ ಇಡತಾರ, ಅರ್ಧ ಪಗಾರ ಕೊಟ್ಟ."

ಮೇಡಂ ತಮ್ಮ ಚೀಲವನ್ನು ಅವನ ಕೈಗೆ ತುರುಕಿ ಮುಂದೆ ನಡೆದರು.

ಮುಂಜಾನೆಯ ಚಹಾ

ಎಮಿನೆಯ ಗವಿಯ ಮುಂದೊಂದು ಕೋಣೆ, ನಡುವೆ ಕಬ್ಬಿಣದ ಒಲೆ. ಮುಂಜಾನೆ ಅಲ್ಲಿಗೆ ಸುತ್ತಲಿನ ಗವಿಯವರು, ಲಾರಿಯವನು, ಪೆಟ್ಟಿಗೆ ಮಾಡುವ ಹಸನ್ ಎಂಬ ಮುದುಕ ಎಲ್ಲರೂ ಬಂದು ಕೂತರು. ಸೊಂಟ ಸಣ್ಣಗಿನ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಲೋಟ ಬರಿದಾದರೆ ಸಾಕು, ಮತ್ತೆ ತುಂಬುತ್ತಾರೆ. ಬೇಡವೆಂದರೆ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಬೇಕಂತೆ. ಇದು ನಮಗೆ ಯಾರೂ ಹೇಳಿರಲಿಲ್ಲ. ಉಳಿಸಿದರೆ ತಪ್ಪಾದೀತೆಂದು ನಾವು ಕುಡಿಯುತ್ತಲೇ ಹೋದೆವು.

ಆಮೇಲೆ ಒಬ್ಬೊಬ್ಬರೇ ಕಿಸೆಯಿಂದ, ಚೀಲದಿಂದ, ರುಮಾಲಿನ ಗಂಟಿನಿಂದ ಒಂದೊಂದು ಲಿಂಬೆ ತೆಗೆದು ಮೇಜಿನ ಮೇಲಿಟ್ಟರು. ನೋಡಿದರೆ ಎಲ್ಲವೂ ಕೊಳೆತವು. ಒಂದಕ್ಕೆ ತೊಟ್ಟಿನ ಹತ್ತಿರ ಬಿಳಿ ಬೂಸ್ಟು, ಇನ್ನೊಂದರ ಪಕ್ಕೆ ಮೆತ್ತಗೆ ಕಂದು, ಮತ್ತೊಂದು ಸುಕ್ಕುಗಟ್ಟಿ ಮುದುಕಿಯ ಗಲ್ಲ. ಎಸೆಯಲು ತಂದಿದ್ದಾರೆ ಎಂದುಕೊಂಡೆ. ಎಮಿನೆ ಒಂದನ್ನೆತ್ತಿ ಒತ್ತಿ ನೋಡಿ, ಮೂಸಿ, ಪಕ್ಕದ ಗವಿಯವನಿಗೆ ಏನೋ ಬೈದಳು. ಅವನು ಕೈಯೆತ್ತಿ ವಾದಿಸಿದ. ಗಾಳಿಕಿಂಡಿ ಮುಚ್ಚಿದ್ದು ಯಾರು ಎಂಬುದಕ್ಕೆ ಇಬ್ಬರು ಎದ್ದೇ ನಿಂತರು. ತನ್ನ ಲಾರಿ ಗುಡ್ಡದ ಮೇಲೆ ಹಿಮಕ್ಕೆ ಸಿಕ್ಕಿ ನಿಂತಿತ್ತು, ಆ ಸರಕು ತಂಡಿಗೆ ಹೊಡೆದಿದೆ ಎಂದು ಲಾರಿಯವನು ತಾನಾಗಿಯೇ ಹೇಳಿದ. ಎಲ್ಲ ಮುಗಿದ ಮೇಲೆ ಮತ್ತೆ ಚಹಾ ಬಂತು. ಯಾರ ಮುಖವೂ ಸಣ್ಣಗಾಗಿರಲಿಲ್ಲ.

ಇದು ದಿನದ ಪದ್ಧತಿಯಂತೆ. ತಮ್ಮ ಗವಿಯ ಎಲ್ಲಕ್ಕಿಂತ ಕೆಟ್ಟ ಲಿಂಬೆಯನ್ನು ಹುಡುಕಿ ತರಬೇಕು. ಒಳ್ಳೆಯದನ್ನು ಏಕೆ ತರುವುದಿಲ್ಲ ಎಂದು ನಾನು ಕೇಳಿದೆ. ಒಳ್ಳೆಯ ಲಿಂಬೆ ಏನೂ ಹೇಳುವುದಿಲ್ಲವಲ್ಲ ಎಂದಳು ಎಮಿನೆ. ಈ ಕೂಟಕ್ಕೆ ಅಧ್ಯಕ್ಷರಿಲ್ಲ, ಹೆಸರೂ ಇಲ್ಲ. ಹಿಂದೊಮ್ಮೆ ಯಾರೋ ಬಂದು ಸಮಿತಿ ಮಾಡಿ ಬೋರ್ಡು ಬರೆಸಿಕೊಟ್ಟು ಹೋಗಿದ್ದರಂತೆ. ಬೋರ್ಡು ಇನ್ನೂ ಇದೆ; ಮಳೆ ಬಂದಾಗ ಗಾಳಿಕಿಂಡಿಗೆ ಅಡ್ಡ ಇಡುತ್ತಾರೆ.

"ನಿಮ್ಮದೆಲ್ಲಿ?" ಎಂದು ಎಮಿನೆ ನಮ್ಮ ಕಡೆ ತಿರುಗಿದಳು.

ನಾವು ಶಾಂತಕ್ಕನ ಉಪ್ಪಿನಕಾಯಿಯ ಜಾಡಿ ತೆಗೆದಿಟ್ಟೆವು. ಎಲ್ಲರೂ ನೆಕ್ಕಿ ಚಪ್ಪರಿಸಿದರು. ಆಮೇಲೆ ಮೇಡಂ ಫೋನಿನಲ್ಲಿ ನೆಲಮಾಳಿಗೆಯ ಚಿತ್ರಗಳನ್ನು ತೋರಿಸಿದರು. ಸಾಲು ಸಾಲು ತಟ್ಟೆ, ತಟ್ಟೆಗೆ ಅರಿಷಿಣ ಕುಂಕುಮ, ಮಿರಿಮಿರಿ ಲಿಂಬೆ. ಎಮಿನೆ ಒಂದಾದ ಮೇಲೊಂದು ಚಿತ್ರ ಸರಿಸುತ್ತ ಹೋಗಿ ಕೊನೆಗೆ ಕೇಳಿದಳು, ಕೊಳೆತವು ಎಲ್ಲಿ?

"ಇಲ್ಲೇ ಇಲ್ಲ" ಎಂದ ಕಾಳಪ್ಪ, ಮೀಸೆ ಮುಟ್ಟಿಕೊಂಡು.

ಯೂಸುಫ್ ಅದನ್ನು ಅವರ ಭಾಷೆಯಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಸತ್ತೇ ಇಲ್ಲ ಎಂದವನನ್ನು ನೋಡುವ ಹಾಗೆ ಎಲ್ಲರೂ ಅವನನ್ನು ನೋಡಿದರು. ನಿಮ್ಮ ಗವಿ ನೋಡಿಕೊಳ್ಳುವವಳನ್ನೇ ಕೇಳಿ ಎಂದಳು ಎಮಿನೆ. ನನಗೂ ತಡೆಯಲಾಗಲಿಲ್ಲ. ಅಲ್ಲೇ ಶಾಂತಕ್ಕನಿಗೆ ವಿಡಿಯೋ ಕಾಲ್ ಹಚ್ಚಿದೆ. ಹೋದಾಗಿನಿಂದ ಯಾವಾಗ ಕೇಳಿದರೂ "ಎಲ್ಲಾ ಛಲೋ ಐತಿ" ಎಂದೇ ಅವಳು ಹೇಳುತ್ತಿದ್ದಳು. ಅವತ್ತೂ ಅಡುಗೆಮನೆಯಲ್ಲಿ ಹೆಂಗಸರ ನಡುವೆ ಕೂತು ನಗುನಗುತ್ತ ಎಮಿನೆಗೆ ಕೈಮುಗಿದಳು.

"ಶಾಂತಕ್ಕಾ, ನೆಲಮನ್ಯಾಗ ಒಂದ ಕೆಟ್ಟ ಲಿಂಬಿ ಇದ್ರ ತಂದ ತೋರಸ್ತೀ ಏನ? ಇವರು ನೋಡ್ಬೇಕಂತಾರ" ಎಂದೆ.

ನಗು ಹೋಯಿತು.

"ಕೆಟ್ಟದ್ದು ತೋರಸಬೇಕಾ? ಓಣ್ಯಾಗಿನ ಮಂದಿ ಮುಂದನ ತೋರಸಿಲ್ಲ ನಾ, ಪರದೇಶದವರ ಮುಂದ ತೋರಸ್ಲೇನು? ನನ್ನ ಮರ್ಯಾದಿ ತಗಿಯಾಕ ಅಷ್ಟು ದೂರ ಹೋಗೀರೇನ ನೀವೆಲ್ಲಾ?"

ಫೋನು ಕಟ್ಟಾಯಿತು. ಹಸನ್ ಮುದುಕ ನಮ್ಮ ಮೂವರ ಲೋಟದ ಮೇಲೂ ತಾನೇ ಚಮಚ ಅಡ್ಡ ಇಟ್ಟ.

ಪಾರಿವಾಳದ ಕಣಿವೆ

ನಮ್ಮ ಮುಖ ನೋಡಲಾರದೆ ಯೂಸುಫ್ ನಮ್ಮನ್ನು ಪಾರಿವಾಳದ ಕಣಿವೆಗೆ ಕರೆದುಕೊಂಡು ಹೋದರು. ಬಂಡೆಗಳಲ್ಲಿ ಹಕ್ಕಿಗಳಿಗಾಗಿಯೇ ಕೊರೆದ ಗೂಡುಗಳು, ಜಗತ್ತಿನ ಜನ ಬಂದು ಬಾಯಿ ತೆರೆದು ನಿಲ್ಲುವ ಜಾಗ. ನಾವು ಅದಕ್ಕೆ ಬೆನ್ನು ಹಾಕಿ ನಿಂತು ಜಗಳವಾಡಿದೆವು.

"ಮಂದಿ ಮುಂದ ಕೇಳಬಾರದಿತ್ರಿ ಅಕ್ಕಾರ. ಇದ್ದ ಮಾನ ಎಲ್ಲಾ ಹೋತು" ಎಂದ ಕಾಳಪ್ಪ.

"ನೀ ಇಲ್ಲೇ ಇಲ್ಲ ಅಂತ ಮೀಸಿ ತಿರುವದಿದ್ರ ಗೌರಕ್ಕ ಯಾಕ ಫೋನ ಹಚ್ಚತಿದ್ರು?" ಎಂದರು ಮೇಡಂ.

"ಫೋಟೋ ತೋರಸಿದಾವರ ಯಾರ್ರಿ ಮತ್ತ?"

ನಾನು ಇಬ್ಬರಿಗೂ ಸಮಾಧಾನ ಹೇಳಲು ಬಾಯಿ ತೆರೆದೆ, ಆಮೇಲೆ ಯಾಕೋ ಸುಮ್ಮನಾದೆ. ಅದೇ ಅಲ್ಲವೇ ನನ್ನ ಕೆಲಸ? ಯಾರೂ ಕೊಟ್ಟ ಹುದ್ದೆಯಲ್ಲ; ನಾಲ್ಕು ಊರಿನವರ ನಡುವೆ ಫೋನು ಮಾಡುತ್ತ ಮಾಡುತ್ತ ತಾನಾಗಿ ಬಂದದ್ದು. ಕಾಳಪ್ಪ ಮೇಡಂ ಬಗ್ಗೆ ಗೊಣಗಿದರೆ ಅದರ ಮುಳ್ಳು ಕಿತ್ತು ಮೇಡಂಗೆ ದಾಟಿಸುವುದು, ಶಾಂತಕ್ಕನ ಸಿಟ್ಟಿಗೆ ಸಕ್ಕರೆ ಬೆರೆಸಿ ಕಾಳಪ್ಪನಿಗೆ ಹೇಳುವುದು. ಎಲ್ಲರಿಗೂ ಎಲ್ಲರೂ ಖುಷಿಯಾಗಿದ್ದಾರೆ ಎಂದೇ ಸುದ್ದಿ. ಆ ಸಕ್ಕರೆಯಿಂದಲೇ ನಮ್ಮ ಗಾಡಿ ಇಷ್ಟು ದೂರ ನಡೆದಿದೆ ಎಂದು ನನಗೆ ಹೆಮ್ಮೆಯೂ ಇತ್ತು. ಎಮಿನೆಯ ಕೋಣೆಯಲ್ಲಿ ಯಾರೂ ಸಕ್ಕರೆ ಬೆರೆಸಲಿಲ್ಲ, ಎದುರೆದುರೇ ಬೈದರು, ಮತ್ತೆ ಒಟ್ಟಿಗೆ ಚಹಾ ಕುಡಿದರು. ಅದು ನೋಡಲು ಚಂದವೇ ಇತ್ತು. ಆದರೆ ಇಂಗಳೇಶ್ವರದಲ್ಲಿ ಅದು ನಡೆಯುತ್ತದೆಯೇ? ಮನೆಗೆ ಬಂದವರಿಗೆ ಬಿರುಕು ಬಿಟ್ಟ ಕಪ್ಪಿನಲ್ಲಿ ಚಹಾ ಕೊಡದ ಜನ ನಾವು.

ಶಾಂತಕ್ಕನಿಗೆ ಮತ್ತೆ ಫೋನು ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಾಗ ಅವಳ ಗುಂಪಿನ ಹೆಂಗಸೊಬ್ಬಳು ಎತ್ತಿದಳು.

"ಅಕ್ಕಾರು ನೆಲಮನ್ಯಾಗ ಇಳದಾರ್ರಿ. ಒಳಗಿಂದ ಅಗಳಿ ಹಾಕ್ಕೊಂಡಾರ. ಯಾರೂ ಬರಬ್ಯಾಡ್ರಿ ಅಂದಾರ."

ಕಾಳಪ್ಪ, ಮೇಡಂ ಇಬ್ಬರೂ ಜಗಳ ಬಿಟ್ಟು ನನ್ನ ಮುಖ ನೋಡಿದರು. ಮುಗಿಯಿತು ಎಂದುಕೊಂಡೆ. ಲಿಂಬೆ ಹಾಳಾದರೆ ಬರುವ ವರ್ಷ ಮತ್ತೆ ಬಿಡುತ್ತದೆ. ಶಾಂತಕ್ಕ ಹೋದರೆ ಮತ್ತೆ ಎಲ್ಲಿಂದ ತರಲಿ? ನನಗೆ ಅಳು ಬಂತು. ತಲೆಯ ಮೇಲೆ ಪಾರಿವಾಳಗಳು ಗುಂಪಾಗಿ ಎದ್ದವು, ಜನ ಚಪ್ಪಾಳೆ ತಟ್ಟಿದರು, ನಾವು ಬಸ್ಸಿನ ಕಡೆ ನಡೆದೆವು.

ಮತ್ತೆ ಎಮಿನೆಯ ಕೋಣೆಯಲ್ಲಿ

ಮರುದಿನ ಮುಂಜಾನೆ ಹೋಗುವ ಮನಸ್ಸೇ ಇರಲಿಲ್ಲ. ಹೋಗದಿದ್ದರೆ ಇನ್ನೂ ಕೆಟ್ಟದೆಂದು ಮೇಡಂ ಎಬ್ಬಿಸಿಕೊಂಡು ಹೋದರು. ಮೇಜಿನ ಮೇಲೆ ಆಗಲೇ ಕೊಳೆತ ಲಿಂಬೆಗಳ ಸಾಲು. ಎಮಿನೆ ಏನೂ ಆಗಿಲ್ಲವೆಂಬಂತೆ ನನ್ನ ಕೈಗೆ ಬಿಸಿ ಲೋಟ ಕೊಟ್ಟಳು. ಆಗ ನನ್ನ ಫೋನು ಬಡಿದುಕೊಂಡಿತು.

ಶಾಂತಕ್ಕ. ಹಿಂದೆ ಕಲ್ಲಿನ ಗೋಡೆ, ಒಂದು ಬಲ್ಬಿನ ಬೆಳಕು, ಸೆರಗು ಸೊಂಟಕ್ಕೆ ಕಟ್ಟಿದ್ದಾಳೆ. ಆರಾಮಾ ಎಂದೂ ಕೇಳಲಿಲ್ಲ. ಕ್ಯಾಮೆರಾದ ಮುಂದೆ ಒಂದು ಲಿಂಬೆ ಹಿಡಿದಳು. ಒಂದು ಮಗ್ಗುಲು ಹಸಿರು ಬೂಸ್ಟು ಹಿಡಿದು ತುಪ್ಪಳವಾಗಿತ್ತು.

"ನೋಡ್ರಿ. ಹೊಟ್ಟಿ ತಣ್ಣಗಾತ?"

ಫೋನನ್ನು ಮೇಜಿನ ನಡುವೆ ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಎಮಿನೆ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿ, ಬೂಸ್ಟು ಹಿಡಿದ ಮಗ್ಗುಲು ಮೇಲಿತ್ತಾ ಕೆಳಗಿತ್ತಾ ಎಂದು ಕೇಳಿದಳು. ಯೂಸುಫ್ ಮೇಡಂಗೆ, ಮೇಡಂ ಶಾಂತಕ್ಕನಿಗೆ ದಾಟಿಸಿದರು. ಶಾಂತಕ್ಕನಿಗೆ ಆ ಪ್ರಶ್ನೆ ಹಿಡಿಸಿತು ಎಂದು ಅವಳ ಮುಖದಲ್ಲೇ ಕಂಡಿತು.

"ಆಕಿಗೆ ತಿಳೀತೈತಿ ನೋಡ್ರಿ" ಎಂದಳು. "ನಿನ್ನಿ ಒಳಗಿಂದ ಬಾಗಲಾ ಹಾಕ್ಕೊಂಡ ಎಲ್ಲಾ ತಟ್ಟಿ ತಳಾ ಮ್ಯಾಲ ಮಾಡಿ ನೋಡೇನಿ. ಮ್ಯಾಲಿನ ಲಿಂಬಿ ಬಂಗಾರ ಇದ್ದಂಗ ಅದಾವ. ಕೆಟ್ಟದ್ದೆಲ್ಲಾ ತಳದಾಗಿಂದು. ಕಟ್ಟಿಗಿಗೆ ತಾಗಿದ ಮಗ್ಗಲಷ್ಟ ಕೆಟ್ಟೈತಿ. ಹೋದ ವಾರನ ನನಗ ವಾಸನಿ ಹತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ ಶಾಂತಕ್ಕಾ?" ಎಂದೆ.

"ಹೆಂಗ ಹೇಳ್ಲಿ, ಗೌರಾ? ಕಾಳಪ್ಪ ಎಷ್ಟ ಪ್ರೀತೀಲೆ ಉಜ್ಜಿ ಉಜ್ಜಿ ಮಾಡ್ಯಾನ. ತಟ್ಟಿ ಇಳಿಸೂ ಮುಂದ ಅವನ ಮಾರಿ ನೋಡಿದ್ದೆ ನಾ. ನಿನ್ನ ತಟ್ಟೀನ ಕೆಟ್ಟೈತೋ ಅಂತ ಅನ್ನಾಕ ಬಾಯಿ ಬರಲಿಲ್ಲ."

ಕೋಣೆಯಲ್ಲಿ ನಮ್ಮನ್ನು ಬಿಟ್ಟರೆ ಯಾರಿಗೂ ಕನ್ನಡ ಬಾರದು, ಆದರೂ ಎಲ್ಲರೂ ಕಾಳಪ್ಪನನ್ನೇ ನೋಡಿದರು. ಅವನು ಒಲೆಯ ಪಕ್ಕದಲ್ಲಿದ್ದ ಹಸನನ ಪೆಟ್ಟಿಗೆಯನ್ನು ನೋಡುತ್ತಿದ್ದ. ಕೈ ಚಾಚಿ ಪಟ್ಟಿಗಳ ಸಂದಿಯಲ್ಲಿ ಬೆರಳು ತೂರಿಸಿದ, ತೆಗೆದ, ಮತ್ತೆ ತೂರಿಸಿದ. ಆಮೇಲೆ ಫೋನಿನ ಮುಂದೆ ಬಂದು ಕೂತ.

"ಶಾಂತಕ್ಕಾರ, ಮನ್ಯಾಗ ಮೊಳಿ ಕೀಳೂ ಇಕ್ಕಳ ಐತೇನ್ರಿ?"

"ಐತಿ. ಯಾಕ?"

"ತಳದ ಪಟ್ಟಿ ಒಂದ ಬಿಟ್ಟ ಒಂದ ಕಿತ್ತ ಒಗೀರಿ."

"ಹುಚ್ಚ ಹಿಡದೈತೇನ ನಿನಗ? ಹೊಸಾ ತಟ್ಟಿ!"

"ಕೀಳ್ರಿ ಅಂದ್ರ ಕೀಳ್ರಿ. ಚಂದ ಕಾಣಲಿ ಅಂತ ಸಂದಿ ಇಲ್ಲದಂಗ ಕೂಡಿಸಿಬಿಟ್ಟೇನಿ. ಕಾಯಿ ಉಸರಾಡಾಕ ಜಾಗಾನ ಬಿಟ್ಟಿಲ್ಲ. ನಂದ ತಪ್ಪ ಐತ್ರಿ ಅದು."

ಹದಿನಾರು ಊರು ತಿರುಗಿದರೂ ಬಡಿಗೇರ ಕಾಳಪ್ಪನ ಬಾಯಿಂದ ಆ ಮಾತು ಕೇಳಿದವರು ಸಿಗಲಿಕ್ಕಿಲ್ಲ. ಶಾಂತಕ್ಕ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಇಕ್ಕಳ ತಂದು, ಒಂದು ತಟ್ಟೆ ಬರಿದು ಮಾಡಿ ಬೋರಲು ಹಾಕಿದಳು. ಮೊಳೆ ಕಿರ್ರೆಂದು ಎದ್ದುಬಂದ ಸದ್ದು ಇಂಗಳೇಶ್ವರದ ನೆಲಮಾಳಿಗೆಯಿಂದ ಒರ್ತಾಹಿಸಾರಿನ ಆ ಕೋಣೆಗೆ ಕೇಳಿಸಿತು. ಕಾಳಪ್ಪ ಕಣ್ಣು ಮುಚ್ಚಿದ. ಮತ್ತೊಂದು ಮೊಳೆ. ಯೂಸುಫ್ ನಡೆದದ್ದನ್ನು ತಗ್ಗಿದ ದನಿಯಲ್ಲಿ ತಿಳಿಸುತ್ತಿದ್ದರು. ಹಸನ್ ಮುದುಕ ಕೇಳಿ ಮುಗಿಸಿ, ತನ್ನ ಸಾಸರಿನಲ್ಲಿದ್ದ ಸಕ್ಕರೆ ತುಂಡುಗಳನ್ನೆಲ್ಲ ಕಾಳಪ್ಪನ ಲೋಟದ ಪಕ್ಕಕ್ಕೆ ಸರಿಸಿದ.

"ನಂದೂ ಒಂದ ಐತಿ" ಎಂದರು ಸುನಂದಾ ಮೇಡಂ ಇದ್ದಕ್ಕಿದ್ದಂತೆ. "ಕೆಳಗ ಬಗ್ಗಾಕ ಆಗೂದಿಲ್ಲಂತ ನನ್ನ ಯಂತ್ರ ಬಾಗಲದ ಹತ್ರನ ತೂಗ ಹಾಕೇನಿ. ಅಲ್ಲಿ ಗಾಳಿ ಛಲೋ ಇರತೈತಿ. ತಳದಾಗ ಏನ ನಡದೈತಿ ಅಂತ ಅದಕ್ಕ ಹೆಂಗ ಗೊತ್ತಾಗಬೇಕು?"

"ಅದನ್ನೂ ಕೆಳಗ ಇಳಸ್ತೇನಿ ಬಿಡ್ರಿ" ಎಂಬ ದನಿ ಬಂತು ಫೋನಿನಿಂದ. "ಗೌರಾ, ನೀ ಏನ ತಂದಿ?"

"ನಾ ಬರೇ ಸಕ್ಕರಿ ತಂದೇನಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಆ ನಗು ಕೇಳಿ ನನ್ನ ಎದೆ ಹಗುರಾಯಿತು. ಅಂಥ ಸಂತೋಷ ನನಗೆ ತೋಟ ಕಾಯಿ ಕಚ್ಚಿದಾಗಲೂ ಆದದ್ದಿಲ್ಲ.

ಎಮಿನೆ ಫೋನಿನ ಹತ್ತಿರ ಬಾಯಿ ತಂದು, ದೂರದ ಊರಿಗೆ ಕೇಳಲೆಂದು ಕೂಗಿ ಏನೋ ಹೇಳಿದಳು. ಚೆನ್ನಾಗಿ ಹುಡುಕಿದೆ, ನಾಳೆಯೂ ಮಾಡು ಎಂದಳಂತೆ. ಮೇಡಂ ಅದನ್ನು ಇದ್ದ ಹಾಗೆಯೇ ದಾಟಿಸಿದರು. ಶಾಂತಕ್ಕ ಇಕ್ಕಳ ಕೆಳಗಿಟ್ಟು, ಹಣೆಯ ಬೆವರು ಒರೆಸಿಕೊಂಡು, ಫೋನನ್ನು ಮುಖದ ಹತ್ತಿರ ತಂದಳು.

"ಆಕಿಗೆ ಹೇಳ್ರಿ. ನಾಳೆ ಮುಂಜಾನಿ ಇದ ಹೊತ್ತಿಗೆ ಒಂದ ಕೊಳತದ್ದ ಹುಡುಕಿ ಇಟಗೊಂಡ ಕುಂತಿರ್ತೇನಿ. ಸಿಗಲಿಲ್ಲಂದ್ರ ಸಿಟ್ಟಾಗಬ್ಯಾಡ ಅನ್ರಿ ಮತ್ತ."